ಬಿಳಿಕಲ್ಲಿನಿಂದ ಬಾಗಿಲಿಗೆ

ನಮ್ಮ ಊರಿನಲ್ಲಿ ಕಾಯಿಲೆ ಬಿದ್ದವರು ವೈದ್ಯರ ಮನೆ ಮುಂದೆ ಕಾಯುವುದಿಲ್ಲ. ಅವರ ಚಪ್ಪಲಿಗಳು ಕಾಯುತ್ತವೆ.

ಊರಿಗೆಲ್ಲ ವೈದ್ಯರು ಒಬ್ಬರೇ. ಅವರ ಮನೆ ಉದ್ದಬೀದಿಯ ಮೇಲ್ತುದಿಯಲ್ಲಿದೆ. ಕೆಳತುದಿಯಲ್ಲೊಂದು ಬಿಳಿಕಲ್ಲು, ಒಂದು ಜೊತೆ ಚಪ್ಪಲಿ ಇಡುವಷ್ಟೇ ಅಗಲದ್ದು. ಬಿಳಿಕಲ್ಲಿನಿಂದ ಬಾಗಿಲಿಗೆ ಮುನ್ನೂರು ಹೆಜ್ಜೆ, ಹೆಜ್ಜೆಗೊಂದು ಜೊತೆ. ಬೆಳಿಗ್ಗೆ ವೈದ್ಯರ ಮನೆಯ ಗಂಟೆ ಒಂದೇ ಒಂದು ಸಲ ಹೊಡೆಯುತ್ತದೆ. ಆಗ ಎಲ್ಲ ಜೊತೆಗಳೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಎಲ್ಲಕ್ಕಿಂತ ಮುಂದಿನದು ಹೊಸ್ತಿಲು ಹತ್ತುತ್ತದೆ. ಬಾಗಿಲು ಕಾಯುವವಳು "ಈ ಜೊತೆ ಯಾರದು?" ಎಂದು ಮೂರು ಸಲ ಕೂಗುತ್ತಾಳೆ. ಒಡೆಯ ಓಗೊಟ್ಟರೆ ಅವನು ಒಳಗೆ. ಓಗೊಡದಿದ್ದರೆ ಚಪ್ಪಲಿ ಬೀದಿಗೆ, ಅವನು ಮತ್ತೆ ಬಿಳಿಕಲ್ಲಿನಿಂದ ಶುರು ಮಾಡಬೇಕು.

ಚಪ್ಪಲಿಗಳಿಗೆ ತಾವಾಗಿ ನಡೆಯಲು ಬರುವುದಿಲ್ಲ. ಅವನ್ನು ಸರಿಸಲು ಒಬ್ಬ ಬೇಕು. ಆ ಒಬ್ಬ ನಾನು.

ಇಪ್ಪತ್ತೆರಡು ವರ್ಷದಿಂದ ಸರಿಸುತ್ತಿದ್ದೇನೆ. ಬಗ್ಗು, ಎತ್ತು, ಒಂದು ಹೆಜ್ಜೆ ಮುಂದಿಡು, ಏಳು. ಬಗ್ಗು, ಎತ್ತು, ಇಡು, ಏಳು. ಹೀಗೆ ಮುನ್ನೂರು ಸಲ. ಬಾಗಿಲಿಂದ ಶುರು ಮಾಡಿ ಬಿಳಿಕಲ್ಲು ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ, ಬೆನ್ನು ಬಿದ್ದುಹೋಗಿರುತ್ತದೆ. ನನಗಿಂತ ಮುಂಚೆ ಸರಿಸುತ್ತಿದ್ದ ಮುದುಕ ಕೆಲಸ ಬಿಡುವ ದಿನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟೆ: "ಗಂಟೆ ಒಂದು, ಹೆಜ್ಜೆ ಒಂದು. ಯಾಕೆ ಅಂತ ಕೇಳೋಕೆ ಹೋಗಬೇಡ. ನಾನೂ ಕೇಳಲಿಲ್ಲ."

ನಾನೂ ಕೇಳಲಿಲ್ಲ.

ಬಿಳಿಕಲ್ಲು ಹಿಡಿಯುವುದೇ ಒಂದು ಯುದ್ಧ. ಗಂಟೆಯ ನಾದ ಗಾಳಿಯಲ್ಲಿ ಇನ್ನೂ ಇರುವಾಗಲೇ ಚಪ್ಪಲಿಯನ್ನು ಕಲ್ಲಿನ ಮೇಲೆ ಇಡಬೇಕು. ನಾದ ಹುಟ್ಟುವ ಮೊದಲು ಇಟ್ಟರೆ "ಇನ್ನೂ ಹೊತ್ತಾಗಿಲ್ಲ" ಎನ್ನುತ್ತಾರೆ. ಅಡಗಿದ ಮೇಲೆ ಇಟ್ಟರೆ "ಹೊತ್ತು ಮೀರಿತು, ನಾಳೆ ಬನ್ನಿ" ಎನ್ನುತ್ತಾರೆ. ಹೊತ್ತಾಗದೇ ಇರುವುದಕ್ಕೂ ಹೊತ್ತು ಮೀರುವುದಕ್ಕೂ ನಡುವೆ ಒಂದು ಉಸಿರು ತೆಗೆದುಕೊಳ್ಳುವಷ್ಟು ಬಿಡುವು. ಆ ಬಿಡುವಿನಲ್ಲಿ ಮೂವತ್ತು ನಲವತ್ತು ಜನ ರೋಗಿಷ್ಠರು ಒಬ್ಬರ ಮೇಲೊಬ್ಬರು ಬಿದ್ದು, ಕೆಮ್ಮುತ್ತ, ಕುಂಟುತ್ತ, ಮೊಣಕೈಯಲ್ಲಿ ತಿವಿಯುತ್ತ ಆ ಕಲ್ಲಿಗೆ ಮುಗಿಬೀಳುತ್ತಾರೆ. ಒಬ್ಬರಿಗೆ ಸಿಗುತ್ತದೆ. ಉಳಿದವರು ಮನೆಗೆ ಹೋಗಿ ಮಾರನೆಯ ದಿನ ಇನ್ನಷ್ಟು ಕಾಯಿಲೆ ತೆಗೆದುಕೊಂಡು ಬರುತ್ತಾರೆ.

ಕಲ್ಲು ಸಿಕ್ಕವರ ಪಾಡೇನೂ ಸುಖದ್ದಲ್ಲ. ಊರಿನಲ್ಲಿ ಒಬ್ಬರಿಗೆ ಒಂದೇ ಜೊತೆ. ಚಪ್ಪಲಿ ಸಾಲಿನಲ್ಲಿರುವವರೆಗೆ ಒಡೆಯ ಬರಿಗಾಲಲ್ಲಿ ನಡೆಯಬೇಕು. ಜೊತೆ ಎಂದರೆ ಮನುಷ್ಯ, ಒಂಟಿ ಎಂದರೆ ಯಾರೂ ಅಲ್ಲ. ಬಾಗಿಲು ದಾಟುವಾಗ ಪಾದ ಶುದ್ಧವಾಗಿರಬೇಕು. ಇವಿಷ್ಟು ನಮ್ಮ ಶಾಸ್ತ್ರ. ಯಾರು ಬರೆದರೋ ಗೊತ್ತಿಲ್ಲ, ಬರೆದವನು ಮಾತ್ರ ಬೂಟು ಹಾಕಿಕೊಂಡಿದ್ದ ಎಂದು ನನಗೆ ಅನುಮಾನ.

ಏಕೆಂದರೆ ನಮ್ಮ ಊರಿನಲ್ಲಿ ಬೂಟಿನವರೂ ಇದ್ದಾರೆ. ಅವರು ಎಂದೂ ಸಾಲಿಗೆ ಬಂದವರಲ್ಲ. ಮೊಣಕಾಲವರೆಗೆ ಬೂಟು ಹಾಕಿಕೊಂಡು, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ, ತಮ್ಮ ನಾಯಿಗಳನ್ನು ಉದ್ದಬೀದಿಗೆ ಕರೆತರುತ್ತಾರೆ. ಊರಿನಲ್ಲಿ ಬೀದಿಗೇನೂ ಬರವಿಲ್ಲ. ಆದರೆ ಅವರ ನಾಯಿಗಳಿಗೆ ಇದೇ ಬೀದಿಯಾಗಬೇಕು, ಚಪ್ಪಲಿಗಳ ಮಗ್ಗುಲೇ ಆಗಬೇಕು. ನಾಯಿ ಬೆನ್ನು ಬಾಗಿಸಿ ಕೂರುತ್ತದೆ. ಬೂಟಿನವರು ಆಗ ಆಕಾಶ ನೋಡುತ್ತಾರೆ. ನಾಯಿ ಏಳುತ್ತದೆ, ಅವರು ಮುಂದೆ ಹೋಗುತ್ತಾರೆ. ನಾಯಿ ಯಾರ ಮೇಲಾದರೂ ಎಗರಿದರೆ, ಕಾಲು ನೆಕ್ಕಿದರೆ, ಸೆರಗು ಹಿಡಿದು ಎಳೆದರೆ, ಹಗ್ಗವನ್ನು ಒಂದಿಷ್ಟೂ ಬಿಗಿಮಾಡದೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಹೆದರಬೇಡಿ, ಅದು ಏನೂ ಮಾಡಲ್ಲ."

ಒಮ್ಮೆ ಹೊಟ್ಟೆನೋವಿನವನೊಬ್ಬ ಮುನ್ನೂರು ದಿನ ಕಾದು, ತನ್ನ ದಿನ ಬಂದಾಗ ಕಾಲು ತೊಳೆದುಕೊಂಡು, ಹೊಸ್ತಿಲಿಗೆ ಮೂರು ಹೆಜ್ಜೆ ಇರುವಾಗ ನಾಯಿಯ ಹೇಲು ತುಳಿದ. ತೊಳೆದುಕೊಂಡು ಬಾ ಎಂದಳು ಬಾಗಿಲು ಕಾಯುವವಳು. ಅವನು ಬಾವಿಗೆ ಹೋಗಿ ಬರುವುದರೊಳಗೆ ಮೂರು ಕೂಗೂ ಮುಗಿದಿತ್ತು. ಅವನ ಚಪ್ಪಲಿಯನ್ನು ಬೀದಿಗೆ ಎಸೆದವನು ನಾನೇ. ಎಸೆದು ಕೈ ಒರೆಸಿಕೊಂಡು ಮುಂದಿನ ಜೊತೆಗೆ ಬಗ್ಗಿದೆ. ಅವನು ಎಷ್ಟು ಹೊತ್ತು ಅಲ್ಲೇ ನಿಂತಿದ್ದನೋ ನಾನು ತಿರುಗಿ ನೋಡಲಿಲ್ಲ.

ಒಳಗೆ ಹೋಗಿ ಬಂದವರು ಏನನ್ನೂ ಹೇಳುತ್ತಿರಲಿಲ್ಲ. ಅರ್ಧ ಗಳಿಗೆಯಲ್ಲಿ ಹೊರಗೆ ಬಂದು, ತಮ್ಮ ಚಪ್ಪಲಿ ಮೆಟ್ಟಿಕೊಂಡು, ಸಾಲಿನ ಕಡೆ ಕಣ್ಣೆತ್ತಿಯೂ ನೋಡದೆ ಮನೆ ಸೇರುತ್ತಿದ್ದರು. ಗುಣವಾದವರು ಸಾಲಿನ ಬಗ್ಗೆ ಮಾತಾಡುವುದಿಲ್ಲ. ಇದನ್ನು ನಾನು ಇಪ್ಪತ್ತೆರಡು ವರ್ಷ ನೋಡಿ ಕಲಿತದ್ದು. ಆಗೆಲ್ಲ ಅವರನ್ನು ಮನಸ್ಸಿನಲ್ಲೇ ಬಯ್ಯುತ್ತಿದ್ದೆ.

ಹೀಗಿರುವಾಗ ಪೊರಕೆ ಕಟ್ಟುವವಳು ಬಂದಳು.

ಅವಳಿಗೆ ಒಬ್ಬಳೇ ಮಗಳು, ಆರು ವರ್ಷದವಳು. ಮಗಳ ಕಿವಿಯೊಳಗೆ ಏನೋ ಗುಂಯ್ ಎನ್ನುತ್ತಿತ್ತು. ದಿನಕ್ಕಿಷ್ಟು ದಿನಕ್ಕಿಷ್ಟು ಕೇಳಿಸುವುದು ಕಡಿಮೆಯಾಗುತ್ತಿತ್ತು. ಹದಿಮೂರು ಬೆಳಿಗ್ಗೆ ಅವಳಿಗೆ ಬಿಳಿಕಲ್ಲು ಸಿಗಲಿಲ್ಲ. ಹದಿನಾಲ್ಕನೆಯ ಬೆಳಿಗ್ಗೆ ಹೆಗಲಿನಿಂದ ಇಬ್ಬರನ್ನು ನೂಕಿ, ಒಬ್ಬನ ಕೈ ಕಚ್ಚಿ, ಮಗಳ ಚಪ್ಪಲಿಯನ್ನು ಕಲ್ಲಿನ ಮೇಲೆ ಇಟ್ಟೇಬಿಟ್ಟಳು. ಕೆಂಪು ಪಟ್ಟಿಯ ಪುಟ್ಟ ಚಪ್ಪಲಿ, ಪಟ್ಟಿಗೆ ತಾಮ್ರದ ಗುಂಡಿ. ಮಗುವಿನ ಪಾದಕ್ಕಿಂತ ಎರಡು ಬೆರಳು ದೊಡ್ಡದು.

ನಾನು ಕೇಳಿದೆ, "ಯಾಕಮ್ಮ ಇಷ್ಟು ದೊಡ್ಡದು ಹೊಲಿಸಿದ್ದೀ?"

"ಬಾಗಿಲು ಮುಟ್ಟೋ ಹೊತ್ತಿಗೆ ಕಾಲು ಬೆಳೆದಿರುತ್ತಲ್ಲಣ್ಣ," ಎಂದಳು. "ಬರೀ ಕಾಯಿಲೆ ಅಲ್ಲ, ಮಗೂನೂ ಬೆಳೆಯುತ್ತೆ."

ಅವಳು ದಿನಾ ಬೆಳಿಗ್ಗೆ ಪೊರಕೆ ಹಿಡಿದು ಬಂದು ಮಗಳ ಚಪ್ಪಲಿಯ ಹಿಂದೆ ನಾಲ್ಕು ಹೆಜ್ಜೆ, ಮುಂದೆ ನಾಲ್ಕು ಹೆಜ್ಜೆ ಗುಡಿಸುತ್ತಿದ್ದಳು. ಮಗಳು ಚಪ್ಪಲಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದಳು. ನಾನು ಬಗ್ಗಿ ಆ ಕೆಂಪು ಜೊತೆಯನ್ನು ಎತ್ತಿ ಇಡುವಾಗ "ಡಣ್" ಎನ್ನುತ್ತಿದ್ದಳು. ಅವಳು "ಡಣ್" ಎನ್ನದೆ ನಾನು ಇಡುವಂತಿಲ್ಲ. ಅದು ನಮ್ಮಿಬ್ಬರ ನಡುವಿನ ಕಾಯಿದೆ. ಮುನ್ನೂರು ಜೊತೆಗಳಲ್ಲಿ ಆ ಒಂದು ಜೊತೆಗೆ ಬಗ್ಗುವಾಗ ಮಾತ್ರ ನನಗೆ ಬೇಸರವಾಗುತ್ತಿರಲಿಲ್ಲ.

ದಿನಕ್ಕೊಂದು ಹೆಜ್ಜೆಯಂತೆ ಕೆಂಪು ಜೊತೆ ಗಂಟೆಯ ಹತ್ತಿರ ಹತ್ತಿರ ಹೋಯಿತು. ಅವಳ ಕಿವಿ ದಿನಕ್ಕಿಷ್ಟು ದೂರ ದೂರ ಹೋಯಿತು. ನೂರೈವತ್ತನೆಯ ಹೆಜ್ಜೆಯಲ್ಲಿ ಅವಳು ನನ್ನನ್ನು ಕೇಳಿದಳು, "ಮಾಮ, ಗಂಟೆ ಯಾಕೆ ಯಾವಾಗಲೂ ಅಷ್ಟೇ ದೂರ ಇದೆ? ನಾವು ನಡೀತಾನೇ ಇಲ್ವಾ?"

ಅವಳ ತಾಯಿ ಗುಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಇನ್ನೂ ಜೋರಾಗಿ ಗುಡಿಸಿದಳು.

ಬೂಟಿನವರಲ್ಲಿ ಒಬ್ಬನಿಗೆ ಕಂದು ಬಣ್ಣದ ಎತ್ತರದ ನಾಯಿ ಇತ್ತು. ಅದು ದಿನಾ ಅವಳು ಗುಡಿಸಿ ಮುಗಿಸುವವರೆಗೆ ಕಾದು, ಗುಡಿಸಿದ ಜಾಗದಲ್ಲೇ ಕೂರುತ್ತಿತ್ತು. ಒಂದು ದಿನ ಅವಳು ತಡೆಯಲಾರದೆ ಕೇಳಿಯೇಬಿಟ್ಟಳು.

"ಸ್ವಾಮಿ, ನಿಮ್ಮ ನಾಯಿ ಮಾಡಿದ್ದನ್ನ ನೀವು ಎತ್ತಬೇಕಲ್ವಾ?"

"ಅದಕ್ಕೇನಮ್ಮ ಗೊತ್ತಾಗುತ್ತೆ, ಮೂಕಪ್ರಾಣಿ."

"ನೀವು ಮೂಕರಲ್ಲವಲ್ಲ. ನಿಮಗೆ ಗೊತ್ತಾಗುತ್ತಲ್ಲ."

ಬೂಟಿನವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಪೊರಕೆ ನಿನ್ನ ಕೈಲೇ ಇದೆಯಲ್ಲಮ್ಮ," ಎಂದು ನಕ್ಕು ಹೋದ. ನಾಯಿ ಹೋಗುವಾಗ ಕೆಂಪು ಚಪ್ಪಲಿಯನ್ನು ಮೂಸಿತು. ಮಗು ಚಪ್ಪಲಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. "ಹೆದರಬೇಡ ಪುಟ್ಟಿ, ಅದು ಏನೂ ಮಾಡಲ್ಲ," ಎಂದ ಬೂಟಿನವನು, ತಿರುಗಿಯೂ ನೋಡದೆ.

ಬಾಗಿಲಿಗೆ ಇನ್ನು ಹನ್ನೊಂದು ಹೆಜ್ಜೆ ಇತ್ತು. ಆ ಬೆಳಿಗ್ಗೆ ನಾನು ಗಂಟೆಗೆ ಮುಂಚೆ ಬೀದಿಗೆ ಬಂದಾಗ ಕೆಂಪು ಚಪ್ಪಲಿ ಒಂಟಿಯಾಗಿ ಕೂತಿತ್ತು. ಬಲಗಾಲಿನದು ಇತ್ತು, ಎಡಗಾಲಿನದು ಇರಲಿಲ್ಲ. ಮಣ್ಣಿನಲ್ಲಿ ನಾಯಿಯ ಹೆಜ್ಜೆಗಳಿದ್ದವು, ಪಕ್ಕದಲ್ಲಿ ಬೂಟಿನ ಹೆಜ್ಜೆಗಳಿದ್ದವು. ಎರಡೂ ಅವಸರವಿಲ್ಲದೆ ಹೋಗಿದ್ದವು.

ಶಾಸ್ತ್ರದ ಪ್ರಕಾರ ನಾನು ಒಂಟಿಯನ್ನು ಎತ್ತಿ ಚೀಲಕ್ಕೆ ಹಾಕಬೇಕು. ನನ್ನ ಹತ್ತಿರ ಅಂಥದೊಂದು ಚೀಲವಿದೆ. ಇಪ್ಪತ್ತೆರಡು ವರ್ಷದ ಒಂಟಿಗಳು ಅದರಲ್ಲಿವೆ, ಒಂದಕ್ಕೊಂದು ಜೋಡಿಯಾಗುವುದಿಲ್ಲ. ಚೀಲದ ಬಾಯಿ ಬಿಚ್ಚಿದೆ. ಆದರೆ ಕೈ ಬರಲಿಲ್ಲ. ಹೊಸ ಜೊತೆ ಹೊಲಿಯಲು ನಮ್ಮ ಊರಿನ ಚಮ್ಮಾರ ಎಂಟು ದಿನ ತೆಗೆದುಕೊಳ್ಳುತ್ತಾನೆ. ಸಾಲಿನಲ್ಲಿ ಜಾಗ ಒಂದು ಸಲ ಗಂಟೆ ಹೊಡೆದು ಇನ್ನೊಂದು ಸಲ ಹೊಡೆಯುವವರೆಗೂ ಖಾಲಿ ಇರುವಂತಿಲ್ಲ. ಎಂಟು ದಿನ ಯಾರಾದರೂ ಆ ಜಾಗ ಹಿಡಿದಿದ್ದರೆ ಆಯಿತು.

ನಾನು ನನ್ನ ಚಪ್ಪಲಿ ಬಿಟ್ಟೆ. ಕೆಂಪು ಒಂಟಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಅದಿದ್ದ ಜಾಗದಲ್ಲಿ ನನ್ನ ದೊಡ್ಡ ಜೊತೆಯನ್ನು ಇಟ್ಟೆ. ಬದುಕಿನಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು, ಹಾಗಂತ ಆಗ ಅಂದುಕೊಂಡಿದ್ದೆ.

ಹಿಂದಿನ ಜೊತೆಯ ಒಡೆಯ, ಹಲ್ಲುನೋವಿನವನು, ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಎದುರು ಜಗಲಿಯಲ್ಲಿ ಕೂತು ನೋಡುತ್ತಿದ್ದ.

ಪೊರಕೆ ಕಟ್ಟುವವಳಿಗೆ ವಿಷಯ ತಿಳಿಸಿದಾಗ ಮೊದಲು ಅತ್ತಳು. ಆಮೇಲೆ ಬೂಟಿನವನ ಹತ್ತಿರ ಓಡಿದಳು. "ಎಡಗಾಲಿಂದು ಕೊಡಿ ಸ್ವಾಮಿ, ಅಗಿದಿದ್ದರೂ ಪರವಾಗಿಲ್ಲ." ಅವನು, "ನಮ್ಮದು ಏನೂ ಮಾಡಲ್ಲಮ್ಮ, ಬೇರೆ ಯಾವುದೋ ನಾಯಿ ಇರಬೇಕು," ಎಂದ. ನಾಯಿ ಅವನ ಕಾಲ ಬಳಿ ಕೂತು ಬಾಲ ಅಲ್ಲಾಡಿಸುತ್ತಿತ್ತು. ಅವಳು ಅಲ್ಲಿಂದ ನೆಟ್ಟಗೆ ಚಮ್ಮಾರನ ಹತ್ತಿರ ಹೋದಳು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಾನು ಉದ್ದಬೀದಿಯಲ್ಲಿ ಬರಿಗಾಲಲ್ಲಿ ನಡೆದೆ. ಕಲ್ಲು ಚುಚ್ಚಿತು, ಬಿಸಿಲಿಗೆ ಅಂಗಾಲು ಸುಟ್ಟಿತು. ದಿನಕ್ಕೆ ಮೂರು ಸಲ ಹೇಲು ತುಳಿದೆ, ಮೂರು ಸಲ ಬಾವಿಗೆ ಹೋದೆ. ಈ ಬೀದಿಯನ್ನು ನಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲ ಎನ್ನಿಸಿತು. ಮುನ್ನೂರು ಜನ ಮುನ್ನೂರು ದಿನ ಹೀಗೆ ನಡೆಯುತ್ತಾರೆ. ನನಗೆ ಹೊಟ್ಟೆ ಉರಿಯಿತು. ಆದರೆ ಹೊಟ್ಟೆ ಉರಿದುಕೊಂಡೇ ಒಂದೊಂದು ಹೆಜ್ಜೆ ಸರಿಸಿದೆ.

ಒಂಬತ್ತನೆಯ ದಿನ ಹೊಸ ಜೊತೆ ಬಂತು. ಅದಕ್ಕೂ ಕೆಂಪು ಪಟ್ಟಿ, ತಾಮ್ರದ ಗುಂಡಿ. ನಾನು ನನ್ನ ಜೊತೆ ಎತ್ತಲು ಬಗ್ಗಿದ್ದೇ ತಡ, ಹಲ್ಲುನೋವಿನವನು ಕೂಗಿದ.

"ಎತ್ತೋ ಹಾಗಿಲ್ಲ! ಒಂದು ಸಲ ಇಟ್ಟ ಜೊತೆ ಎತ್ತೋ ಹಾಗಿಲ್ಲ!"

"ಇದು ಮಗೂ ಜಾಗ ಕಣಪ್ಪ. ನೀನೇ ನೋಡಿದ್ದೆಯಲ್ಲ."

"ನೋಡಿದ್ದೆ. ಸರಿಸೋರು ನೀವು, ದೊಡ್ಡವರು ಅಂತ ಬಾಯಿ ಮುಚ್ಚಿಕೊಂಡಿದ್ದೆ. ಹಾಗಂತ ದಿನಕ್ಕೊಂದು ಬದಲಾಯಿಸ್ತಾ ಇದ್ರೆ ನಾವು ಬಿಳಿಕಲ್ಲಿಂದ ಬಂದಿದ್ದು ಯಾಕೆ? ನಾಳೆ ನನ್ನ ಮುಂದೆ ಇನ್ನೊಂದು ಇಡ್ತೀರಿ. ಹೊಸ ಜೊತೆ ಅಂದ್ರೆ ಬಿಳಿಕಲ್ಲು. ಅಷ್ಟೆ."

ಜನ ಸೇರಿದರು. ಎಲ್ಲರೂ ಬರಿಗಾಲಿನವರೇ, ಎಲ್ಲರೂ ನೋವಿನವರೇ. ಬೂಟಿನವನ ಮುಂದೆ ಒಂದು ದಿನವೂ ಬಾಯಿ ಬಿಡದವರು ಆರು ವರ್ಷದ ಮಗುವಿನ ಮುಂದೆ ಗಂಟಲು ಹರಿದುಕೊಂಡರು. "ಶಾಸ್ತ್ರ ಅಂದ್ರೆ ಶಾಸ್ತ್ರ" ಎಂದರು. "ನಮ್ಮ ಮಕ್ಕಳು ಮಕ್ಕಳಲ್ವಾ" ಎಂದರು. ಮಗು ಅವರ ಬಾಯಿಗಳನ್ನೇ ಒಂದೊಂದಾಗಿ ನೋಡುತ್ತಿದ್ದಳು. ಅವಳಿಗೆ ಆ ಹೊತ್ತಿಗೆ ಕೂಗಾಟ ಕೂಡ ಪಿಸುಮಾತಾಗಿತ್ತು.

ನಾನು ತಾಯಿಗೆ ಸಮಾಧಾನ ಹೇಳಿದೆ. "ಬಾಗಿಲು ಕಾಯೋಳು ನನಗೆ ಗೊತ್ತಿರೋಳು. ಇಪ್ಪತ್ತೆರಡು ವರ್ಷ ದಿನಾ ಮುಖ ನೋಡಿದ್ದೀವಿ. ಹೊಸ್ತಿಲಲ್ಲಿ ನಾನೇ ಮಾತಾಡ್ತೀನಿ. ನೀನು ಮಗೂನ ಕಾಲು ತೊಳೆದು ಕರಕೊಂಡು ಬಾ."

ಆ ದಿನ ಬಂತು. ಗಂಟೆ ಹೊಡೆಯಿತು. ನನ್ನ ಜೊತೆಯನ್ನು ನಾನೇ ಎತ್ತಿ ಹೊಸ್ತಿಲ ಮೇಲೆ ಇಟ್ಟೆ. ತಾಯಿ ಮಗಳನ್ನು ಎತ್ತಿಕೊಂಡೇ ನಿಂತಿದ್ದಳು, ಪಾದ ನೆಲಕ್ಕೆ ತಾಗದಿರಲಿ ಎಂದು.

"ಈ ಜೊತೆ ಯಾರದು?" ಎಂದು ಕೂಗಿದಳು ಬಾಗಿಲು ಕಾಯುವವಳು.

"ಜೊತೆ ನನ್ನದು," ಎಂದೆ. "ಜಾಗ ಈ ಮಗೂದು. ನಾಯಿ ಒಂದನ್ನ ಹೊತ್ತುಕೊಂಡು ಹೋಯ್ತು. ನಿನಗೇ ಗೊತ್ತಲ್ಲ."

"ಈ ಜೊತೆ ಯಾರದು?"

"ಹೇಳಿದೆನಲ್ಲಮ್ಮ. ನನಗೆ ಕಾಯಿಲೆ ಇಲ್ಲ. ಮಗೂನ ಒಳಗೆ ಬಿಡು."

ಅವಳು ನನ್ನ ಮುಖ ನೋಡಲಿಲ್ಲ, ನನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷ ಅವಳು ನೋಡಿದ್ದೂ ಅದನ್ನೇ ಇರಬೇಕು. "ಮೂರನೇ ಸಲ ಕೂಗಿದ ಮೇಲೆ ನನ್ನ ಕೈಲಿಲ್ಲ," ಎಂದಳು ಮೆಲ್ಲಗೆ. "ಒಡೆಯ ಒಳಗೆ ಹೋಗಬಹುದು. ಇಲ್ಲ ಅಂದ್ರೆ ಯಾರೂ ಇಲ್ಲ."

ಪೊರಕೆ ಕಟ್ಟುವವಳು ನನ್ನ ತೋಳು ಹಿಡಿದುಕೊಂಡಳು. "ಹೋಗಿ ಅಣ್ಣ. ನೀವಾದರೂ ಹೋಗಿ. ಒಳಗೆ ಹೋಗಿ ಅವರಿಗೆ ಹೇಳಿ. ಇಲ್ಲೇ ಬಾಗಿಲಲ್ಲಿ ಇದ್ದಾಳೆ ಅಂತ ಹೇಳಿ. ಕಾಲು ತೊಳೆದಿದೀನಿ ಅಂತ ಹೇಳಿ."

ನಾನು ಪಾದ ಒರೆಸಿಕೊಂಡು ಒಳಗೆ ಹೋದೆ.

ಒಳಗೆ ತಂಪಾಗಿತ್ತು. ಕಿಟಕಿಗಳೆಲ್ಲ ಹಿತ್ತಲಿನ ಕಡೆಗೆ ಇದ್ದವು, ಬೀದಿ ಕಡೆಗೆ ಒಂದೂ ಇರಲಿಲ್ಲ. ವೈದ್ಯರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಚೌಕಾಬಾರ ಆಡುತ್ತಿದ್ದರು. ಎದುರಿಗೆ ಕೂತಿದ್ದವನು ಬೂಟಿನವನು. ಅವನು ಹಿತ್ತಲ ಬಾಗಿಲಿನಿಂದ ಬಂದಿದ್ದ, ಬೂಟು ಕಾಲಲ್ಲೇ ಇತ್ತು. ಮೂಲೆಯಲ್ಲಿ ಕಂದು ನಾಯಿ ಮಲಗಿ ಏನನ್ನೋ ಅಗಿಯುತ್ತಿತ್ತು. ತಾಮ್ರದ ಗುಂಡಿಯೊಂದು ಅದರ ಮೂತಿಯ ಹತ್ತಿರ ಹೊಳೆಯಿತು.

"ಬನ್ನಿ ಬನ್ನಿ," ಎಂದರು ವೈದ್ಯರು. ಒಳ್ಳೆಯ ಮುಖ, ಅಷ್ಟು ಸಂತೋಷದಿಂದ ನನ್ನನ್ನು ಯಾರೂ ಯಾವ ಮನೆಯಲ್ಲೂ ಬರಮಾಡಿಕೊಂಡಿದ್ದಿಲ್ಲ. "ಇವತ್ತಿನವರು ನೀವಾ? ದಿನಕ್ಕೆ ಒಬ್ಬರು ಬರ್ತಾರೆ, ಅರ್ಧ ಗಳಿಗೆ ಕೆಲಸ. ಆಮೇಲೆ ಸಂಜೆ ತನಕ ಕವಡೆ ಆಡಿಸ್ತಾ ಕೂತಿರ್ತೀನಿ. ಊರಿನವರು ಗಟ್ಟಿಯಾಗಿದ್ದಾರೆ ಅಂತ ಒಂದು ಕಡೆ ಸಂತೋಷ. ಇನ್ನೊಂದು ಕಡೆ ಬೇಜಾರು."

"ಗಂಟೆ..." ಎಂದೆ.

"ಗಂಟೆಯಾ? ನಾನು ಎದ್ದೆ, ಬಾಗಿಲು ತೆಗೆದಿದೆ ಅಂತ ತಿಳಿಸೋಕೆ ಹೊಡಿಸ್ತೀನಿ. ಕತ್ತಲಾಗೋ ತನಕ ತೆಗೆದೇ ಇರುತ್ತೆ. ಯಾರು ಬೇಕಾದರೂ ಬರಬಹುದು. ಬರಲ್ಲ, ಏನು ಮಾಡೋದು?"

"ಹೊರಗೆ ಚಪ್ಪಲಿಗಳು..."

"ಹೌದೌದು, ಚಪ್ಪಲಿ ಹೊರಗೆ ಬಿಟ್ಟು ಬರೋದು ಒಳ್ಳೇ ಅಭ್ಯಾಸ," ಎಂದು ಬೂಟಿನವನ ಕಡೆ ನೋಡಿ ನಕ್ಕರು. ಬೂಟಿನವನೂ ನಕ್ಕ.

ಆಗಲೇ ಹೇಳಬೇಕಾಗಿತ್ತು. ಹೊರಗೆ ಮುನ್ನೂರು ಜನ ಇದ್ದಾರೆ ಸ್ವಾಮಿ, ಗಂಟೆ ಒಂದು ಹೆಜ್ಜೆ ಒಂದು ಎಂದು ನಾನೇ ಅವರನ್ನು ತಡೆದು ನಿಲ್ಲಿಸಿದ್ದೇನೆ ಎಂದು ಹೇಳಬೇಕಾಗಿತ್ತು. ಮಾತು ಗಂಟಲವರೆಗೆ ಬಂತು. ಇಪ್ಪತ್ತೆರಡು ವರ್ಷದ ಒಂಟಿ ಚಪ್ಪಲಿಗಳೂ ಅದರ ಜೊತೆಗೇ ಗಂಟಲಿಗೆ ಬಂದವು. ನುಂಗಿಕೊಂಡೆ. ಮಗುವಿನ ವಿಷಯ ಮಾತ್ರ ಹೇಳಿದೆ. ಕಿವಿ ಗುಂಯ್ ಎನ್ನುತ್ತದೆ, ಹತ್ತು ತಿಂಗಳಾಯಿತು, ಈಗ ಕೂಗಿದರೂ ಪಿಸುಮಾತು ಕೇಳಿದ ಹಾಗೆ, ಬಾಗಿಲಲ್ಲೇ ಇದ್ದಾಳೆ.

ವೈದ್ಯರ ಮುಖ ಸಪ್ಪಗಾಯಿತು. "ಹತ್ತು ತಿಂಗಳಾ? ಮೊದಲನೇ ವಾರ ಕರಕೊಂಡು ಬಂದಿದ್ರೆ ನಾಲ್ಕು ತೊಟ್ಟು ಎಣ್ಣೆ ಸಾಕಾಗಿತ್ತು. ಮೂರು ತಿಂಗಳಿಗೆ ಬಂದಿದ್ರೂ ಅರ್ಧ ಉಳಿಸ್ತಿದ್ದೆ. ಈಗ ನೀವು ಹೇಳೋದು ನೋಡಿದ್ರೆ, ಬಂದರೂ ಅಷ್ಟೆ, ಬಿಟ್ಟರೂ ಅಷ್ಟೆ." ಕವಡೆ ಕೆಳಗಿಟ್ಟರು. "ಎಂಥಾ ತಾಯಿ ಅವಳು! ಅಷ್ಟು ದಿನ ಏನು ಮಾಡ್ತಾ ಇದ್ದಳು?"

ನಾನು ಅದಕ್ಕೂ ಬಾಯಿ ಬಿಡಲಿಲ್ಲ.

"ನಿಮಗೇನು ತೊಂದರೆ?" ಎಂದರು. ಏನೂ ಇಲ್ಲ ಎಂದೆ. ಅವರು ಕೇಳಲಿಲ್ಲ. ನನ್ನನ್ನು ತಿರುಗಿಸಿ ನಿಲ್ಲಿಸಿ, ಬೆನ್ನ ಮೇಲೆ ಎರಡು ಹೆಬ್ಬೆರಳು ಊರಿ ಒತ್ತಿದರು. ಒಳಗೆ ಏನೋ ಲಟಕ್ಕೆಂದಿತು. ಇಪ್ಪತ್ತೆರಡು ವರ್ಷದ ನೋವು ನೀರಿನಂತೆ ಇಳಿದುಹೋಯಿತು. ನೆಟ್ಟಗೆ ನಿಂತೆ. ನಾನು ಇಷ್ಟು ಎತ್ತರ ಇದ್ದೇನೆ ಎಂಬುದೇ ನನಗೆ ಮರೆತುಹೋಗಿತ್ತು.

ಹೊರಡುವಾಗ ನಾಯಿ ಎದ್ದು ಬಂದು ನನ್ನ ಬರಿಗಾಲು ನೆಕ್ಕಿತು. "ಏನೂ ಮಾಡಲ್ಲ," ಎಂದ ಬೂಟಿನವನು, ಕವಡೆ ಬಿಡುತ್ತ.

ಹೊಸ್ತಿಲಲ್ಲಿ ಬಾಗಿ ಬಾಗಿಲು ಕಾಯುವವಳನ್ನು ಗುಟ್ಟಾಗಿ ಕೇಳಿದೆ, "ದಿನಕ್ಕೆ ಒಬ್ಬರನ್ನೇ ಯಾಕೆ ಒಳಗೆ ಬಿಡ್ತೀಯ?"

"ದಿನಕ್ಕೆ ಒಂದೇ ಜೊತೆ ತಂದು ಇಡ್ತೀರಲ್ಲ ನೀವು," ಎಂದಳು.

ನನ್ನ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದೆ. ಸಾಲು ಬಿಳಿಕಲ್ಲಿನವರೆಗೂ ಕಾಣುತ್ತಿತ್ತು. ಜನ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಹೊಟ್ಟೆನೋವಿನವನು ಇದ್ದ, ಹಲ್ಲುನೋವಿನವನು ಇದ್ದ. ಸಾಲಿನಲ್ಲೇ ಗಂಡನನ್ನು ಕಳೆದುಕೊಂಡು ಈಗ ತನ್ನ ಚಪ್ಪಲಿ ಇಟ್ಟಿರುವ ಹೆಂಗಸೂ ಇದ್ದಳು. ಇವರಿಗೆ ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದೆ. ಬೂಟಿನವನನ್ನು ಇವರು ಮುಟ್ಟುವುದಿಲ್ಲ. ವೈದ್ಯರ ಕಾಲಿಗೆ ಬೀಳುತ್ತಾರೆ. ಸಿಕ್ಕುವವನು ನಾನು.

"ಏನಂದರು ಅಣ್ಣ?" ಎಂದಳು ಪೊರಕೆ ಕಟ್ಟುವವಳು. ಮಗುವನ್ನು ಇನ್ನೂ ಕೆಳಗೆ ಇಳಿಸಿರಲಿಲ್ಲ.

"ಜೊತೆ ಇಡಬೇಕಂತೆ," ಎಂದೆ. "ಬಿಳಿಕಲ್ಲಿಂದ."

ಅವಳು ತಲೆ ಆಡಿಸಿದಳು. ಬಯ್ಯಲಿಲ್ಲ, ಅಳಲಿಲ್ಲ. "ಹಾಗಾದ್ರೆ ಆಸೆ ಇದೆ ಅಂತಾಯ್ತು," ಎಂದಳು. ಅವಳು ನನ್ನ ಮುಖಕ್ಕೆ ಉಗಿದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಒಂದು ದಿನ, ಒಂದೇ ಒಂದು ದಿನ, ಧೈರ್ಯ ಮಾಡಿ ಮೊದಲಿನವನು ಹೊರಗೆ ಬಂದ ಕೂಡಲೇ ಇನ್ನೊಂದು ಹೆಜ್ಜೆ ಸರಿಸಿದೆ. ಎರಡನೆಯ ಜೊತೆ ಹೊಸ್ತಿಲು ಹತ್ತಿತು. ಬಾಗಿಲು ಕಾಯುವವಳು ಮೂರು ಸಲ ಕೂಗಿದಳು. ಅದರ ಒಡತಿ ತನ್ನ ಸರದಿ ನಾಳೆ ಎಂದು ಗದ್ದೆಗೆ ಹೋಗಿದ್ದಳು. ಚಪ್ಪಲಿ ಬೀದಿಗೆ ಬಿತ್ತು. ಸಂಜೆ ಅವಳು ಬಂದು ಎದೆ ಬಡಿದುಕೊಂಡಳು. ಜನ ನನ್ನ ಕುತ್ತಿಗೆಪಟ್ಟಿ ಹಿಡಿದರು. "ಗಂಟೆ ಒಂದು, ಹೆಜ್ಜೆ ಒಂದು! ನಾವೆಲ್ಲ ಒಂದೊಂದೇ ಹೆಜ್ಜೆ ಬಂದವರು!" ಎಂದು ಕೂಗಿದರು. ಆಗಲಾದರೂ ಬಾಯಿ ಬಿಡಬಹುದಿತ್ತು. ತಪ್ಪಾಯಿತು, ಇನ್ನು ಹೀಗೆ ಮಾಡುವುದಿಲ್ಲ ಎಂದು ಕೈ ಮುಗಿದೆ. ಎಲ್ಲರಿಗೂ ಸಮಾಧಾನವಾಯಿತು. ನನಗೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಪೊರಕೆ ಕಟ್ಟುವವಳಿಗೆ ಬಿಳಿಕಲ್ಲು ಸಿಕ್ಕಿದ್ದು ಇಪ್ಪತ್ತಮೂರನೆಯ ಬೆಳಿಗ್ಗೆ. ಆ ದಿನ ಬಾಗಿಲಿನಿಂದ ಶುರು ಮಾಡಿ, ಬಗ್ಗಿ, ಎತ್ತಿ, ಇಟ್ಟು, ಎದ್ದು, ನೆತ್ತಿಬಿಸಿಲಿನ ಹೊತ್ತಿಗೆ ನಾನು ಕಲ್ಲಿನ ಹತ್ತಿರ ಬಂದೆ. ತಾಯಿ ಆಚೆ ಬೇಲಿಯ ಹತ್ತಿರ ಕಡ್ಡಿ ಆಯುತ್ತಿದ್ದಳು. ಮಗಳು ಕುಕ್ಕರುಗಾಲಲ್ಲಿ ಕೆಂಪು ಜೊತೆಯ ಪಕ್ಕ ಕೂತಿದ್ದಳು. ಕಾಲು ಬೆಳೆದಿತ್ತು, ಚಪ್ಪಲಿ ಈಗ ಒಂದು ಬೆರಳಷ್ಟೇ ದೊಡ್ಡದು.

"ಗಂಟೆ ಹೊಡೀತಾ ಮಾಮ?" ಎಂದಳು, ಬೇಕಾದ್ದಕ್ಕಿಂತ ಜೋರಾಗಿ.

ತಲೆ ಆಡಿಸಿದೆ.

ಸುತ್ತ ಯಾರೂ ಇರಲಿಲ್ಲ. ನಾನು ಅವಳ ಪಕ್ಕ ಮಂಡಿಯೂರಿ ಕೂತೆ. ಬಾಯಿಯನ್ನು ಅವಳ ಕಿವಿಗೆ ತಾಗಿಸಿ ಎಲ್ಲವನ್ನೂ ಹೇಳಿದೆ. ಬಾಗಿಲು ದಿನವಿಡೀ ತೆರೆದಿರುತ್ತದೆ ಎಂದೆ. ಗಂಟೆ ಎಂದರೆ ಬನ್ನಿ ಎಂದು ಅರ್ಥ, ಒಂದು ಹೆಜ್ಜೆ ಎಂದಲ್ಲ ಎಂದೆ. ನಾಲ್ಕು ತೊಟ್ಟು ಎಣ್ಣೆ ಸಾಕಾಗಿತ್ತು ಎಂದೆ. ನಿನ್ನ ಕಿವಿಯನ್ನು ತಿಂದದ್ದು ನಾಯಿಯಲ್ಲ, ನಾನು ಎಂದೆ. ಊರಿನಲ್ಲಿ ಆ ಸತ್ಯವನ್ನು ನಾನು ಹೇಳಿದ್ದು ಅವಳೊಬ್ಬಳಿಗೇ.

ನನ್ನ ಉಸಿರು ತಾಗಿ ಅವಳಿಗೆ ಕಚಗುಳಿಯಾಯಿತು. ಕಿಲಕಿಲ ನಕ್ಕು ಕಿವಿ ಉಜ್ಜಿಕೊಂಡಳು. ಆಮೇಲೆ ನಮ್ಮ ಕಾಯಿದೆ ನೆನಪಾಗಿ, ಮುಖ ಗಂಭೀರ ಮಾಡಿಕೊಂಡು, ಚಪ್ಪಲಿಯ ಕಡೆಗೆ ಬೆರಳು ತೋರಿಸಿದಳು.

"ಡಣ್," ಎಂದಳು.

ಬಗ್ಗಿದೆ. ಬೆನ್ನು ನೋಯಲಿಲ್ಲ.